ಮಂದ್ರದ ಸಾಲು

ನಮ್ಮ ಧಾಟಿಗಳಿಗೆಲ್ಲ ಊರಿನ ಹೆಸರು.
ಯಾಕೆಂದರೆ, "ಹುಟ್ಟಿದ ಕರುವಿಗೂ
ಒಂದು ಹೆಸರು ಬೇಕಲ್ಲ" ಅನ್ನುತ್ತಿದ್ದ ಆಸಹೇಲ್.
ಕನೆಕ್ಟಿಕಟ್ ಹೊಳೆಯಾಚೆ ಕಾಲಿಟ್ಟವಳಲ್ಲ ನಾನು, ಝೆರ್ವಾಯಾ;
ಆದರೂ ಹನ್ನೆರಡು ಊರು ಬಾಯಲ್ಲೇ ಸುತ್ತಿದ್ದೇನೆ.

ಪದಗಳು ಇಂಗ್ಲೆಂಡಿನವು. ಹಡಗಿನಲ್ಲಿ
ಸೂಜಿ, ಉಪ್ಪು, ಚಹಾದ ಪೆಟ್ಟಿಗೆಗಳ ನಡುವೆ ಬಂದವು.
ಅವುಗಳೊಳಗೆ ಒಂದು ನೈಟಿಂಗೇಲ್ ಹಾಡುತ್ತದೆ;
ಇಲ್ಲಿಯ ಕಾಡಿನಲ್ಲಿ ಆ ಹಕ್ಕಿಯೇ ಇಲ್ಲ.
ಅಲ್ಲಿಯ ರಾಜನ ಮೇಲೆ ಎಂಟು ವರ್ಷ ಕಾದಾಡಿದೆವು,
ಅಲ್ಲಿಯ ಪದ ಮಾತ್ರ ಕೈಬಿಡಲಿಲ್ಲ.
ಧಾಟಿ ನಮ್ಮದು: ತೊಗಲು ಹದಮಾಡುವ ಆಸಹೇಲ್
ಚರ್ಮದ ಒಳಮೈ ಮೇಲೆ ಇದ್ದಿಲಿನಲ್ಲಿ ಗೀಚಿದ್ದು.
ಹಾಳೆಗಿಳಿದ ಮೇಲೂ ಓಕ್ ತೊಗಟೆಯ ನಾತ ಹೋಗಲಿಲ್ಲ.

ಎಂಟಕ್ಷರ, ಆರಕ್ಷರ, ಎಂಟು, ಮತ್ತೆ ಆರು.
ಯಾವ ಪದವನ್ನೂ ಯಾವ ಧಾಟಿಗೂ ತೊಡಿಸಬಹುದು,
ಅಣ್ಣನ ಕೋಟು ತಮ್ಮನಿಗಾದಂತೆ.

ವಾದ್ಯವಿಲ್ಲ, ಒಲೆಯಿಲ್ಲ. ಶ್ರುತಿಗೊಂದು ಮರದ ಪೀಪಿ,
ತಾಳಕ್ಕೆ ಕೈ: ಕೆಳಗೆ, ಕೆಳಗೆ, ಮೇಲೆ, ಮೇಲೆ.
ಜನವರಿಯಲ್ಲಿ ಹಾಡು ಕಣ್ಣಿಗೂ ಕಾಣುತ್ತಿತ್ತು,
ಬಾಯಿಂದ ಬೆಳ್ಳಗೆ ಎದ್ದು.
ಮೂರನೇ ಸಾಲಿಗೆ ಬಂದರೆ ಓಟ ಶುರು.
ಮೊದಲು ಓಬೇದನ ಮಂದ್ರ (ಪೀಪಾಯಿ ಕಟ್ಟುವವ,
ಖಾಲಿ ಪೀಪಾಯಿ ಉರುಳಿಸಿದಂಥ ದನಿ),
ಅವನ ಬೆನ್ನಿಗೆ ಉಳಿದ ಗಂಡಸರು, ಆಮೇಲೆ ನಾನು,
ಕೊನೆಗೆ ಹುಡುಗಿಯರು, ಬೇಲಿ ಹಾರಿದ ಕುರಿಗಳು.
ಸಭೆಯ ಹಿರಿಯ ಜೇಬೆಸ್ ಕಿವಿ ಮುಚ್ಚುತ್ತಿದ್ದ:
"ನಾಲ್ಕು ಬಾಯಿ, ನಾಲ್ಕು ಮಾತು! ದೇವರಿಗಾದರೂ
ಒಂದು ಪದ ನೆಟ್ಟಗೆ ಕೇಳಿಸುವುದು ಬೇಡವೇ?"

ಹಿಮ ಕರಗಿ ದಾರಿ ಕೆಸರಾದ ತಿಂಗಳು
ಜ್ವರ ಬಂತು. ಓಬೇದನ ಪೆಟ್ಟಿಗೆಗೆ
ಅವನೇ ಸೀಳಿಟ್ಟಿದ್ದ ಹಲಗೆ ಸಾಲಿತು.

ಆ ಭಾನುವಾರ ಬೇರೆ ಧಾಟಿ ಎತ್ತಬಹುದಿತ್ತು.
ಆಸಹೇಲ್ ಅದನ್ನೇ ಎತ್ತಿದ.
ಮೂರನೇ ಸಾಲು. ಕೈ ಕೆಳಗೆ, ಕೆಳಗೆ,
ಮೇಲೆ, ಮೇಲೆ. ಯಾರೂ ಬಾಯಿ ತೆರೆಯಲಿಲ್ಲ.
ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.
ಓಬೇದನ ಎಂಟಕ್ಷರ,
ಅಷ್ಟು ವರ್ಷ ನಾವು ತುಳಿದುಕೊಂಡೇ ಓಡಿದ್ದ ಎಂಟಕ್ಷರ,
ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು.

ಆಮೇಲೆ ಗಂಡಸರು ಹೊಕ್ಕರು. ನಾನು ಹೊಕ್ಕೆ,
ಅರ್ಧ ತಾಳ ತಡವಾಗಿ.
ಜೇಬೆಸ್ ಕಿವಿಯಿಂದ ಕೈ ತೆಗೆದಿದ್ದ.
ಎಲ್ಲಿಡಬೇಕೋ ತಿಳಿಯದೆ
ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ.