ರಸಮಟ್ಟ

ರೋಂಡಾ ಕಣಿವೆಯ ಸಾಲುಮನೆ, ಹನ್ನೊಂದನೇ ನಂಬರು.
ಹೊಗೆ ಕಂಡರೆ ಕೂಗುವ ಡಬ್ಬಿಗೆ ತಂತಿ ಎಳೆಯಬೇಕು.
ಸುಣ್ಣದ ಗೋಡೆ; ಪ್ಲಾಸ್ಟಿಕ್ ಪಟ್ಟಿಯ ಬೆನ್ನಂಟು
ಬೆಳಿಗ್ಗೆ ಹಿಡಿದದ್ದು ಚಹಾದ ಹೊತ್ತಿಗೆ
ಸಿಪ್ಪೆಯಂತೆ ಸುಲಿದು ನೆಲಕ್ಕೆ ಬಿತ್ತು.

"ಈ ಗೋಡೆ ಮುತ್ತಿಗೆ ಮರುಳಾಗೋದಿಲ್ಲ,
ತಿರುಪೇ ಬೇಕು" ಅಂದ ಎಮ್ಲಿನ್,
ಅಂದವನು ವ್ಯಾನಿಗೆ ಹೋಗಿ ನಿದ್ದೆಹೋದ.

ಕೊರೆದೆ. ಬೂದು ಪುಡಿ ತುಟಿಗೆ ಬಂತು.
ತೂತಿಗೆ ಪ್ಲಗ್ಗು, ಪ್ಲಗ್ಗಿಗೆ ತಿರುಪು,
ಮೂಲೆಗೆ ನಲವತ್ತೈದು ಡಿಗ್ರಿಯ ಕೊಯ್ತ.
ರಸಮಟ್ಟದ ಗುಳ್ಳೆ ಎರಡು ಗೆರೆಯ ನಡುವೆ
ಕದಲದೆ ಕೂತಿತು. ಬೀಗಿದೆ.

ಮಿಸೆಸ್ ಪ್ರಾಬರ್ಟ್ ಕನ್ನಡಕ ಏರಿಸಿ,
"ಸೊಟ್ಟಗಿದೆಯಲ್ಲ ಮಗಳೇ" ಅಂದರು.

ಹಿಂದೆ ಸರಿದು ನೋಡಿದೆ. ನಿಜ.
ಕಿಟಕಿಯ ಚೌಕಟ್ಟು, ಚಾವಣಿಯಂಚು, ಅಗ್ಗಿಷ್ಟಿಕೆಯ ಹಲಗೆ
ಎಲ್ಲವೂ ಒಂದೇ ಕಡೆ ವಾಲಿವೆ,
ಕಲ್ಲಿದ್ದಲು ತೆಗೆದುಕೊಂಡು ಹೋದ ಟೊಳ್ಳಿನ ಕಡೆ.
ನೇರಕ್ಕಿರುವುದು ನನ್ನ ಬಿಳಿ ಪಟ್ಟಿಯೊಂದೇ,
ಸಾವಿನ ಮನೆಗೆ ಬಂದ ವಿಮೆಯವನ ಹಾಗೆ.

"ನಮ್ಮನೆಯವರು ಮೂವತ್ತೊಂದು ವರ್ಷ ಅಗೆದದ್ದು
ಸರಿಯಾಗಿ ಈ ಸೋಫಾದ ಕೆಳಗೇ."
ನಕ್ಕರು. ಕೆಟಲಿಗೆ ನೀರು ತುಂಬಲು ಹೋದರು.

ಏಳು ತಿರುಪು ಬಿಚ್ಚಿದೆ.
ತೂತುಗಳಿಗೆ ಪುಟ್ಟಿ ತುಂಬಿ
ಚಾವಣಿ ಹೇಳಿದಂತೆ ಪೆನ್ಸಿಲ್ ಗೆರೆ ಎಳೆದೆ;
ಬಲಕ್ಕೆ ಎರಡು ಬೆರಳು ತಗ್ಗು.
ತಂತಿ ಮಲಗಿಸಿ ಮುಚ್ಚಳ ಒತ್ತುತ್ತ ಹೋದೆ,
ಟಕ್, ಟಕ್, ಟಕ್, ಗೋಡೆಯುದ್ದಕ್ಕೂ.

ರಸಮಟ್ಟ ಪೆಟ್ಟಿಗೆಯೊಳಗೇ ಇತ್ತು.
ಗುಳ್ಳೆ ಯಾವ ಕಡೆಗಿತ್ತೋ, ನೋಡಲಿಲ್ಲ.