ಐದನೇ ರಾತ್ರಿ, ಗುತ್ತಲು ರಸ್ತೆ

ಮಲಗಿದ್ದೇನೆ. ಬಲಗಾಲು ಮಾತ್ರ
ಇಲ್ಲದ ಬ್ರೇಕು ಹುಡುಕುತ್ತಿದೆ ಚಾಪೆಯ ಮೇಲೆ.
ಹತ್ತೊಂಬತ್ತು ವರ್ಷ ನಾಗಮಂಗಲದ ಬಸ್ಸು ಓಡಿಸಿದ ಕಾಲು
ಈಗ ನನ್ನ ಮಾತು ಕೇಳುವುದಿಲ್ಲ.

ಆಕಳಿಕೆ, ಸೋರುವ ಮೂಗು. ಈ ಸೆಕೆಯಲ್ಲೂ
ಕಂಬಳಿಯೊಳಗೆ ನಡುಗುವವನ ನೋಡಿ ಜಯಶೀಲ:
‘ಹೆರಿಗೇಲೂ ನಾನಿಂಗೆ ಒದ್ದಾಡ್ಲಿಲ್ಲ ಕನ.’
ಉಪ್ಪು ಹಾಕಿದ ಅಂಬಲಿ ಕುಡಿಸಿದಳು. ನಿಲ್ಲಲಿಲ್ಲ.

ಸೊಂಟದ ಡಿಸ್ಕಿಗೆಂದು ಬರೆದುಕೊಟ್ಟ ಮಾತ್ರೆ.
ಮಗಳು ಪಾಸಾದ ದಿನವೂ ನಾನು ನಕ್ಕದ್ದು
ಅದು ಗಂಟಲಿಳಿದ ಮೇಲೆ.

ಮೆಡಿಕಲ್ಲಿನ ಹುಡುಗ ನನ್ನ ಕಂಡರೆ
ಕೇಳುವ ಮೊದಲೇ ಡ್ರಾಯರಿಗೆ ಕೈ ಹಾಕುತ್ತಾನೆ.
ಅದಕ್ಕೇ ಈಗ ಸುತ್ತು ಬಳಸಿ
ನಾಲೆ ಏರಿ ಮೇಲಿಂದ ಮನೆಗೆ.

ಮೂರು ಗಂಟೆ. ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆ
ಮೂಗಿಗೆ ಹೊಡೆದು ಹೊಟ್ಟೆ ತೊಳಸುತ್ತದೆ.
ಎಷ್ಟು ವರ್ಷವಾಯಿತು
ಈ ಊರು ನನಗೆ ನಾರಿ!

ಹಿಂದೆಯೇ ಸೊಂಟಕ್ಕೆ ಹತ್ತುತ್ತದೆ ಹಳೇ ನೋವು,
ದಿನಾ ಬುತ್ತಿ ಹಿಡಿದು ಹತ್ತುತ್ತಿದ್ದ ಗಿರಾಕಿಯ ಹಾಗೆ,
ಇಳಿಯುವ ಸ್ಟಾಪು ಹೇಳದೆ.
ಕೂತ್ಕೊ ಮಾರಾಯ, ಜಾಗ ಇದೆ.

ಜಯಶೀಲ ನಿದ್ದೆಗಣ್ಣಲ್ಲೇ ಮಗ್ಗುಲಾಗಿ
ತನ್ನ ಕಾಲು ನನ್ನ ಕಾಲ ಮೇಲೆ ಹೇರುತ್ತಾಳೆ.
ಒಂದಷ್ಟು ಹೊತ್ತು
ಬಸ್ಸು ನಿಲ್ಲುತ್ತದೆ.