ಬೆಸ

ನಮ್ಮ ವಾಳೆಯಲ್ಲಿ ಅರುವತ್ತೆಂಟು ಮನೆ.
ಪಟ್ಟಿ ನನ್ನದು, ಗುರ್ಕಾರನದು;
ಹದಿನೇಳು ವರ್ಷದಿಂದ ಒಂದು ತೆನೆ ಹೆಚ್ಚಾಗಿಲ್ಲ,
ಒಂದು ಕಡಿಮೆ ಬಿದ್ದಿಲ್ಲ.

ಮೊಂತಿ ಹಬ್ಬದ ಬೆಳಗು. ಮಕ್ಕಳು ಮರಿಯಮ್ಮನಿಗೆ
ಗೊಂಡೆ, ಕರವೀರ, ಹೆಸರಿಲ್ಲದ ಬೇಲಿಹೂ
ಎಲ್ಲ ಎಸೆದು ಮುಗಿಸಿ, ಬರಿ ಬುಟ್ಟಿ ತಲೆಗೆ ಕವುಚಿ
ಕಬ್ಬಿನ ಸಾಲಿನಲ್ಲಿ ನೂಕಾಡುತ್ತಿದ್ದರು.
ಪಾದ್ರಿಗಳು ತೀರ್ಥ ಚಿಮುಕಿಸಿದ ಹಸಿ ತೆನೆಯ ಕಟ್ಟು
ನನ್ನ ತೋಳಿನಲ್ಲಿ, ಮಗುವಿನಷ್ಟು ಭಾರ.

ಕೊನೆಗೆ ಬಂದಳು ಸೆವ್ರಿನ್.
ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ,
ಸ್ಕೇಲು ಇಟ್ಟು, ಡೊಂಕಾಗದ ಹಾಗೆ.
ಗಂಡನನ್ನು ಬಿಟ್ಟವಳು; ಈಗ ನೀರುಮಾರ್ಗದಿಂದ
ಸ್ಟೇಟ್‌ಬ್ಯಾಂಕಿಗೆ ಓಡುವ ಬಸ್ಸಿನ ಡ್ರೈವರನ ಜೊತೆ
ಇಗರ್ಜಿಯ ಪುಸ್ತಕದಲ್ಲಿಲ್ಲದ ಸಂಸಾರ.

ಬಾಯಿಬಿಟ್ಟು ಕೇಳಲಿಲ್ಲ. ಸೆರಗು ತಲೆಗೆಳೆದುಕೊಂಡು
ಕೈ ಮಾತ್ರ ಚಾಚಿದಳು, ಚಿಲ್ಲರೆಗೆ ಚಾಚುವ ಹಾಗೆ.
"ಮನೆಗೊಂದೇ," ಅಂದೆ. "ಪಟ್ಟಿಯಲ್ಲಿದ್ದ ಮನೆಗೆ."
ಒಂದೇ ತೆನೆ ಉಳಿದಿತ್ತು. ಅದು ನನ್ನದು.

ಮಧ್ಯಾಹ್ನ ಜುಸ್ತಿನ್ ಭತ್ತ ಸುಲಿದಳು, ಉಗುರಿನಿಂದ,
ಕಾಯಿಹಾಲಿಗೆ ಬೆರೆಸಿದಳು. ಮೀನಿಲ್ಲದ ದಿನ.
ಹರಿವೆ, ಕೆಸುವಿನ ದಂಟು, ಹೀರೆ, ಬೆಂಡೆ, ಅಲಸಂಡೆ:
ಐದೋ ಏಳೋ, ಬೆಸವೇ ಆಗಬೇಕು, ಅದು ಕ್ರಮ.
ಉಣ್ಣುವವರು ಇಬ್ಬರು. ಎಲೆ ಮೂರು ಹಾಕಿದಳು.
"ಅದು ಯಾರಿಗೆ?"
"ಬಾರದವರಿಗೆ. ಅದೂ ಕ್ರಮವೇ ಅಲ್ಲವಾ?"
ಮತ್ತೆ ಏನೂ ಅನ್ನಲಿಲ್ಲ. ಅವಳು ಅನ್ನದೆ ಇದ್ದಾಗ
ಗೋಡೆಯ ಗಡಿಯಾರ ದೊಡ್ಡದಾಗಿ ಕೇಳುತ್ತದೆ.

ಕತ್ತಲಾದ ಮೇಲೆ ಸ್ಟೀಲಿನ ಪಾತ್ರೆ ಹಿಡಿದು ಹೋದೆ.
ಟಾರ್ಚು ಒಯ್ಯಲಿಲ್ಲ, ಯಾರಾದರೂ ನೋಡಿದರೆ?
ದೇವರಿಗೆ ಹೆದರಿ ಗೆರೆ ಎಳೆದೆ ಅಂದುಕೊಂಡಿದ್ದೆ;
ಹೆದರಿದ್ದು ಅಕ್ಕಪಕ್ಕದವರಿಗೆ ಎಂದು
ಆ ಕೆಸರಿನಲ್ಲಿ ಚಪ್ಪಲಿ ಹೂತಾಗ ಗೊತ್ತಾಯಿತು.
ಬಾಗಿಲು ತಟ್ಟದೆ, ಪಾಗಾರದ ಮೇಲೆ ಇಟ್ಟು
ನಾಯಿ ಬೊಗಳುವ ಮೊದಲೇ ತಿರುಗಿದೆ, ಕಳ್ಳನ ಹಾಗೆ.
ಪಾತ್ರೆಯ ತಳದಲ್ಲಿ ನನ್ನ ಹೆಸರು ಕೊರೆಸಿದ್ದು
ಮರೆತೇಹೋಗಿತ್ತು.

ಮರುದಿನ ಅದು ನಮ್ಮ ಜಗಲಿಯಲ್ಲಿತ್ತು,
ಹುಣಿಸೆ ಹಾಕಿ ತಿಕ್ಕಿದ್ದು, ಒಳಗೆ ನಾಲ್ಕು ಎಳೆ ಬೆಂಡೆ.
ಬರಿ ಪಾತ್ರೆ ಹಿಂದೆ ಕೊಡಬಾರದು.
ಈ ಕ್ರಮ ಅವಳಿಗೆ ನಾನು ಕಲಿಸಿದ್ದಲ್ಲ.

ಕೆಂಪು ಶಾಯಿ ಉಜ್ಜಿದರೆ ಕಾಗದ ಹರಿಯುತ್ತದೆ.
ಪಟ್ಟಿಯ ಕೊನೆಗೆ ಅರುವತ್ತೊಂಬತ್ತು ಅಂತ ಹಾಕಿ
ಸೆವ್ರಿನ್ ಎಂದು ಬರೆದೆ. ಪೆನ್ಸಿಲಿನಲ್ಲಿ.
ಧೈರ್ಯ ಅಷ್ಟೇ ಇತ್ತು.
ಬರುವ ಸೆಪ್ಟೆಂಬರಿಗೆ ಪಾದ್ರಿಗಳು ಕೇಳಿದರೆ
ಹೇಳಬೇಕಾದ ಮಾತು ಇನ್ನೂ ಹುಡುಕುತ್ತಿದ್ದೇನೆ;
ಬೆಂಡೆಯ ಹುಳಿ ಮಾತ್ರ ಚೆನ್ನಾಗಿತ್ತು.